ಪೀಣ್ಯದಲ್ಲಿ ಹಿಪ್‌ಹಾಪ್ ಕೇಳಿದ ವರ್ಷ

ಕಳೆದ ತಿಂಗಳು ನಾಗಸಂದ್ರದಲ್ಲಿ ಮೆಟ್ರೋ ಹತ್ತಿ ಕೂತಾಗ ಹೊರಗೆ ಜಡಿಮಳೆ. ಮೊಬೈಲಿನಲ್ಲಿ ಏನಾದರೂ ಕೇಳೋಣವೆಂದು ಹುಡುಕುತ್ತಿದ್ದೆ. ನಾನು ಆಗಾಗ ಜಪಾನಿ ಹಾಡು ಕೇಳುವವಳೆಂದು ಅದಕ್ಕೆ ಗೊತ್ತಾಗಿರಬೇಕು, ತಾನಾಗಿಯೇ ಒಂದು ಪಟ್ಟಿಯನ್ನು ಮುಂದಿಟ್ಟಿತು. ಮೂವತ್ತು ದಾಟಿದವರಿಗೆ ಹಳೆಯದೆಲ್ಲ ನೆನಪಾಗುವಂಥ ಜಪಾನಿನ ಮತ್ತು ಹೊರದೇಶದ ಹಿಪ್‌ಹಾಪ್ ಹಾಡುಗಳು ಎಂದು ಮೇಲೆ ಜಪಾನಿಯಲ್ಲಿ ಬರೆದಿತ್ತು. ನನಗೆ ನಲವತ್ತು ಹತ್ತಿರವಾಗುತ್ತಿದೆ, ಆದರೂ ಇನ್ನೂ ಅದೇ ಗುಂಪಿನವಳು ಎಂದು ಸಣ್ಣ ಖುಷಿಯಾಗಿ ಒತ್ತಿದೆ. ಮೊದಲು ಗ್ರಾಮಫೋನ್ ತಟ್ಟೆಯ ಮೇಲೆ ಮುಳ್ಳು ಓಡುವ ಚರಚರ ಸದ್ದು. ಆಮೇಲೆ ಪಿಯಾನೋದ ಒಂದು ತುಣುಕು, ಅದೇ ಮತ್ತೆ ಮತ್ತೆ, ಅದರ ಬೆನ್ನಿಗೇ ಡ್ರಮ್ಮು. ಹಾಡುವವನು ಬಾಯಿ ತೆರೆಯುವ ಮೊದಲೇ ನನ್ನ ಮೂಗಿಗೆ ಮೆಷಿನ್ ಎಣ್ಣೆಯ ವಾಸನೆ ಬಂತು, ಒದ್ದೆ ಯೂನಿಫಾರ್ಮಿನ ವಾಸನೆ ಬಂತು. ಮೆಟ್ರೋ ಪೀಣ್ಯದ ಶೆಡ್ಡುಗಳ ತಲೆಯ ಮೇಲೆ ಹಾದು ಹೋಗುತ್ತಿತ್ತು. ಇಳಿಯಬೇಕಾದ ನಿಲ್ದಾಣವನ್ನು ದಾಟಿಬಿಟ್ಟೆ.

ಇದೇ ಮೆಟ್ರೋದ ಕಂಬಗಳು ತುಮಕೂರು ರಸ್ತೆಯಲ್ಲಿ ಇನ್ನೂ ಏಳುತ್ತಿದ್ದ ವರ್ಷ ಅದು. ನಾನು ಬಿಕಾಂ ಮುಗಿಸಿ, ಸಂಜೆ ತರಗತಿಗಳಿಗೆ ಹೋಗಿ ಜಪಾನಿ ಕಲಿತಿದ್ದೆ. ಅಪ್ಪ ಸರ್ಕಾರಿ ಕಾರ್ಖಾನೆಯೊಂದರಲ್ಲಿ ಕೆಲಸ ಮಾಡಿ ನಿವೃತ್ತರಾದವರು. ಮಗಳು ಪೀಣ್ಯದ ಜಪಾನಿ ಕಂಪನಿಯಲ್ಲಿ ದುಭಾಷಿ ಎಂದು ಬೀದಿಯಲ್ಲಿ ಸಿಕ್ಕವರಿಗೆಲ್ಲ ಹೇಳಿಕೊಂಡು ಬಂದಿದ್ದರು. ಕಾರಿನ ಬ್ರೇಕಿಗೆ ಬೇಕಾದ ಬಿಡಿಭಾಗಗಳನ್ನು ಮಾಡುವ ಕಾರ್ಖಾನೆ ಅದು. ಬೆಳಿಗ್ಗೆ ಎಲ್ಲರೂ ಅಂಗಳದಲ್ಲಿ ಸಾಲಾಗಿ ನಿಂತು ಕೈಕಾಲು ಆಡಿಸಿ ವ್ಯಾಯಾಮ ಮಾಡಬೇಕು. ಆಮೇಲೆ ಪ್ರತಿ ಲೈನಿನ ಲೀಡರ್ ಮುಂದೆ ಬಂದು ಆ ದಿನದ ಕೆಲಸವೇನು, ಎಲ್ಲಿ ಜೋಪಾನವಾಗಿರಬೇಕು ಎಂದು ಜೋರಾಗಿ ಹೇಳಬೇಕು. ಅದಾದ ಮೇಲೇ ಮೆಷಿನ್ ಶುರು.

ಜೂನಿನಲ್ಲಿ ನಿಶಿದಾ ಸಾನ್ ಬಂದರು. ಸಾನ್ ಎಂದರೆ ನಮ್ಮ ಸಾರ್ ಇದ್ದ ಹಾಗೆ. ತಗಡನ್ನು ಅಚ್ಚಿನಲ್ಲಿ ಒತ್ತುವ ಹೊಸ ಪ್ರೆಸ್ ಮೆಷಿನ್‌ಗಳ ಲೈನ್ ಕೂರಿಸಿ ನಮ್ಮವರಿಗೆ ಅದನ್ನು ನಡೆಸಲು ಕಲಿಸಿಕೊಡಲಿಕ್ಕೆ ಜಪಾನಿನಿಂದ ಒಂದು ವರ್ಷಕ್ಕೆಂದು ಕಳಿಸಿದ್ದರು. ಮೂವತ್ತೈದರ ಆಸುಪಾಸಿನ, ಉದ್ದಕ್ಕೆ ತೆಳ್ಳಗಿದ್ದ ಮನುಷ್ಯ. ಕತ್ತಿನ ಸುತ್ತ ಯಾವಾಗಲೂ ದಪ್ಪ ಹೆಡ್‌ಫೋನ್ ನೇತಾಡುತ್ತಿತ್ತು. ಹುಡುಗರು ಹೆಸರು ಕೇಳಿದ ದಿನವೇ ಅವರನ್ನು ‘ನಿಷಿದ್ಧ ಸಾರ್’ ಮಾಡಿಬಿಟ್ಟರು. ಏನಂತಾರೆ ಎಂದು ಅವರು ಕೇಳಿದಾಗ, ನಿಮ್ಮ ಹೆಸರೇ, ನಮ್ಮ ಉಚ್ಚಾರ ಹಾಗೆ ಎಂದು ಹೇಳಿ ಪಾರಾದೆ.

ಅವರ ಮಾತನ್ನು ಕನ್ನಡಕ್ಕೆ ತರುವುದು ನನ್ನ ಕೆಲಸ. ಮೊದಲ ವಾರವೇ ನನಗೆ ಕೆಲಸ ಹೋಗುತ್ತದೆ ಅನ್ನಿಸಿತು. ಅವರು ಮಾತು ಶುರು ಮಾಡುತ್ತಿದ್ದರು, ಮೊದಲ ಅಕ್ಷರ ಎರಡು ಮೂರು ಸಲ ಬರುತ್ತಿತ್ತು, ಆಮೇಲೆ ತುಸು ಹೊತ್ತು ಏನೂ ಇಲ್ಲ, ಆಮೇಲೆ ಮಾತು. ಜಪಾನಿಯಲ್ಲಿ ವಾಕ್ಯದ ಕೊನೆಗೆ ‘ಕಾ’ ಬಂದರೆ ಅದು ಪ್ರಶ್ನೆ. ಪ್ರೆಸ್ಸಿನ ಅಚ್ಚಿಗೆ ಅವರು ‘ಕನಗತಾ’ ಅನ್ನುತ್ತಾರೆ. ನಿಶಿದಾ ಸಾನ್ ಅದನ್ನು ‘ಕಾ, ಕಾ’ ಎಂದು ಶುರು ಮಾಡಿದರೆ, ಏನೋ ಕೇಳುತ್ತಿದ್ದಾರೆಂದು ನಾನು ಉತ್ತರ ಹುಡುಕಲು ಹೋಗುತ್ತಿದ್ದೆ. ನನಗೆ ಕಲಿಸದೆ ಬಿಟ್ಟ ಯಾವುದೋ ವ್ಯಾಕರಣ ಇರಬೇಕೆಂದು ಮನೆಗೆ ಬಂದು ಪುಸ್ತಕಗಳನ್ನು ತಿರುವಿ ಹಾಕಿದೆ. ಅಪ್ಪ ನೋಡಿ, ಭಾಷೆ ಕಿವಿಗೆ ಒಗ್ಗೋಕೆ ಟೈಮ್ ಬೇಕು ಕಣಮ್ಮ, ಊಟ ಮಾಡು ಎಂದರು. ಊಟ ಸೇರಲಿಲ್ಲ.

ಅದನ್ನು ಬಿಡಿಸಿ ಹೇಳಿದವರು ಬಸವರಾಜ್. ಹಾವೇರಿ ಕಡೆಯವರು, ನನಗಿಂತ ನಾಲ್ಕೈದು ವರ್ಷ ದೊಡ್ಡವರು, ಹೊಸ ಲೈನಿಗೆ ಆರಿಸಿಕೊಂಡ ಆಪರೇಟರ್‌ಗಳಲ್ಲಿ ಒಬ್ಬರು. ಚೊಕ್ಕಸಂದ್ರದಲ್ಲಿ ಊರಿನ ಗೆಳೆಯರ ಜೊತೆ ರೂಮು ಮಾಡಿಕೊಂಡಿದ್ದರು. ಮಾತೇ ಆಡುವುದಿಲ್ಲ ಎಂದು ಹುಡುಗರು ಅವರಿಗೆ ಸೈಲೆಂಟ್ ಬಸು ಎಂದು ಹೆಸರಿಟ್ಟಿದ್ದರು. ಮಾತು ಅವರ ನಾಲಿಗೆಯಲ್ಲಿ ಸಿಕ್ಕಿಕೊಳ್ಳುತ್ತಿತ್ತು, ಹಾಗಾಗಿ ಆಡುತ್ತಿರಲಿಲ್ಲ, ಅಷ್ಟೇ. ಒಂದು ಮಧ್ಯಾಹ್ನ ಕ್ಯಾಂಟೀನಿನಲ್ಲಿ ತಟ್ಟೆ ಹಿಡಿದುಕೊಂಡು ನನ್ನೆದುರು ಬಂದು ನಿಂತರು. ಏನೋ ಹೇಳಬೇಕಿತ್ತು, ಹೊರಡುತ್ತಿರಲಿಲ್ಲ. ಕಾದೆ.

“ಮೇಡಂ, ಆ ಸಾರ್ ನ... ನನ್ನಂಗ ಅದಾರ್ರಿ” ಎಂದರು.

ನನಗೆ ತಕ್ಷಣ ತಿಳಿಯಲಿಲ್ಲ. ಬಸವರಾಜ್ ತಮ್ಮ ಗಂಟಲನ್ನು ಮುಟ್ಟಿ ತೋರಿಸಿದರು. ಒಂದಕ್ಷರ ಜಪಾನಿ ಬಾರದ ಮನುಷ್ಯನಿಗೆ ಅದು ಮೊದಲ ದಿನವೇ ಕಂಡಿತ್ತು, ಯಾಕೆಂದರೆ ಅವರು ನೋಡುತ್ತಿದ್ದುದು ಮಾತನ್ನಲ್ಲ. ಮಾತಿಗೆ ಮೊದಲು ಕಣ್ಣು ಮುಚ್ಚಿಕೊಳ್ಳುವುದನ್ನು, ಗಲ್ಲ ಬಿಗಿಯುವುದನ್ನು, ಕೈಬೆರಳು ತೊಡೆಯ ಮೇಲೆ ಬಡಿಯುವುದನ್ನು ಅವರು ಬಲ್ಲರು. ಅವತ್ತಿನಿಂದ ನನ್ನ ಕೆಲಸ ಸಲೀಸಾಯಿತು. ನಿಶಿದಾ ಸಾನ್ ಮಾತು ಸಿಕ್ಕಿಕೊಂಡರೆ ನಾನು ಸುಮ್ಮನೆ ಕಾಯುತ್ತಿದ್ದೆ. ಬರುವ ಮಾತು ಬಂದೇ ಬರುತ್ತಿತ್ತು, ಅಚ್ಚುಕಟ್ಟಾಗಿ ಬರುತ್ತಿತ್ತು. ಅದನ್ನು ಕನ್ನಡದಲ್ಲಿ ಸರಾಗವಾಗಿ ಹೇಳಿಬಿಡುತ್ತಿದ್ದೆ. ಏನು ಬದಲಾಗಿದೆಯೆಂದು ಅವರಿಗೂ ತಿಳಿದಿರಬೇಕು. ನನ್ನೊಡನೆ ಮಾತಾಡುವಾಗ ಕಣ್ಣು ಮುಚ್ಚುವುದು ಕಡಿಮೆಯಾಯಿತು.

ಜುಲೈಯಲ್ಲಿ ಮಳೆ ಹಿಡಿದುಕೊಂಡಿತು. ಪೀಣ್ಯದ ರಸ್ತೆಗಳ ಗುಂಡಿಗಳಲ್ಲಿ ಲಾರಿಗಳು ಸಿಕ್ಕಿಕೊಳ್ಳುತ್ತಿದ್ದವು, ಕರೆಂಟು ಹೋಗಿ ಬಂದು ಮಾಡುತ್ತಿತ್ತು. ಒಂದು ದಿನ ಊಟದ ನಂತರ ಕರೆಂಟು ಹೋಗಿ ಲೈನು ನಿಂತಿತು. ಶೆಡ್ಡಿನ ತಗಡಿನ ಮೇಲೆ ಮಳೆ ಬೀಳುವ ಸದ್ದು ಬಿಟ್ಟರೆ ಬೇರೇನಿಲ್ಲ. ನಿಶಿದಾ ಸಾನ್ ಪ್ರೆಸ್ಸಿನ ಪಕ್ಕ ಕೂತು ಹೆಡ್‌ಫೋನ್ ಹಾಕಿಕೊಂಡಿದ್ದರು. ಏನು ಕೇಳುತ್ತೀರಿ ಎಂದೆ. ಅವರು ಅದನ್ನು ತೆಗೆದು ನನ್ನ ಕೈಗೆ ಕೊಟ್ಟರು.

ಹಿಪ್‌ಹಾಪ್ ಎಂದರೆ ನನಗೆ ಆಗ ಟೀವಿಯಲ್ಲಿ ಕಾಣುತ್ತಿದ್ದ ದೊಡ್ಡ ಚೈನು, ಕಪ್ಪು ಕನ್ನಡಕ, ಕೂಗಾಟ. ಇದು ಬೇರೆಯೇ ಆಗಿತ್ತು. ಯಾವುದೋ ಹಳೆಯ ರೆಕಾರ್ಡಿನಿಂದ ತೆಗೆದ ಕಹಳೆಯ ತುಣುಕು ಸುತ್ತುತ್ತಿತ್ತು. ಅದರ ಮೇಲೆ ಒಬ್ಬ, ಸಣ್ಣ ಊರಿನ ಸ್ಟೇಷನ್ನಿನಲ್ಲಿ ಇಳಿದು ತುಂತುರಿನಲ್ಲಿ ಮನೆಗೆ ನಡೆಯುವುದನ್ನು, ದಾರಿಯಲ್ಲಿ ಮುಚ್ಚಿದ ವರ್ಕ್‌ಶಾಪುಗಳನ್ನು, ಅಮ್ಮ ಕಟ್ಟಿಕೊಟ್ಟ ಡಬ್ಬಿಯನ್ನು ತೊಳೆಯದೆ ಬ್ಯಾಗಿನಲ್ಲಿಟ್ಟುಕೊಂಡಿರುವುದನ್ನು ಹೇಳುತ್ತಿದ್ದ. ಕೂಗಾಟವಿಲ್ಲ. ಪಕ್ಕದಲ್ಲಿ ನಡೆಯುತ್ತಿರುವ ಗೆಳೆಯನಿಗೆ ಹೇಳಿದ ಹಾಗೆ. ಮಾತಿನ ತುದಿಗಳು ಒಂದಕ್ಕೊಂದು ತಾಗಿ, ಮತ್ತೆ ಬೇರೆ ಜಾಗದಲ್ಲಿ ತಾಗಿ ಹೋಗುತ್ತಿದ್ದವು. ಹಾಡು ಮುಗಿದಾಗ ಇನ್ನೊಂದು ಸಲ ಎಂದು ಕೇಳಿದೆ.

ಅವರು ಅವತ್ತು ತಮ್ಮ ಕತೆ ಹೇಳಿದರು. ಸಮುದ್ರದ ಪಕ್ಕದ ಕಾರ್ಖಾನೆಗಳ ಊರಿನಲ್ಲಿ ಬೆಳೆದವರು. ಶಾಲೆಯಲ್ಲಿ ಎದ್ದು ನಿಂತು ಪಾಠ ಓದಬೇಕಾದ ದಿನ ಹೊಟ್ಟೆನೋವೆಂದು ಮನೆಯಲ್ಲಿ ಉಳಿಯುತ್ತಿದ್ದರಂತೆ. ಗೆಳೆಯನ ಅಣ್ಣ ತಂದಿದ್ದ ಅಮೆರಿಕದ ಕ್ಯಾಸೆಟ್ ಒಂದನ್ನು ಕೇಳಿ, ಅರ್ಥ ತಿಳಿಯದೆಯೇ ಅದರ ಜೊತೆ ಬಾಯಾಡಿಸಿದಾಗ, ನಾಲಿಗೆ ಎಲ್ಲೂ ನಿಲ್ಲಲಿಲ್ಲವಂತೆ. ಆಮೇಲೆ ಜಪಾನಿ ಹಾಡುಗಳೂ ಬಂದವು. ಕೆಲಸದಿಂದ ಬರುವಾಗ ಸೇತುವೆಯ ಕೆಳಗಿನ ಸುರಂಗದಂಥ ಜಾಗದಲ್ಲಿ ನಿಂತು ಒಬ್ಬರೇ ಹಾಡಿಕೊಳ್ಳುತ್ತಿದ್ದರಂತೆ. ತಾಳ ನಿಂತರೆ ಮಾತು ಮತ್ತೆ ಸಿಕ್ಕಿಕೊಳ್ಳುತ್ತದೆ, ಅದು ಹೋಗುವುದಿಲ್ಲ ಎಂದರು. ಆದರೆ ಒಳಗೆ ಹೀಗೊಂದು ದನಿ ಇದೆ ಅಂತ ಗೊತ್ತಾದ ಮೇಲೆ ಬದುಕುವುದು ಸುಲಭವಾಯಿತು.

ಬಸವರಾಜ್‌ಗೆ ಇದನ್ನು ಹೇಳಲೇ ಎಂದು ಕೇಳಿದೆ. ಹೇಳಿ ಎಂದರು. ಹೇಳುವುದೇನು, ಅವರೇ ಮಾರನೆಯ ದಿನ ಒಂದು ಮೆಮೊರಿ ಕಾರ್ಡನ್ನು ತಂದು ಬಸವರಾಜ್ ಕೈಗೆ ಕೊಟ್ಟರು. ಜಪಾನಿನವು, ಅಮೆರಿಕದವು, ಫ್ರಾನ್ಸಿನವು ಎಲ್ಲ ಅದರಲ್ಲಿದ್ದವು. ಬಸವರಾಜ್ ಅದನ್ನು ತಮ್ಮ ಸಣ್ಣ ಫೋನಿಗೆ ಹಾಕಿಕೊಂಡರು.

ಆಗಸ್ಟ್, ಸೆಪ್ಟೆಂಬರ್ ಪೂರ್ತಿ ಶಿಫ್ಟ್ ಮುಗಿದ ಮೇಲೆ ನಾವು ಮೂವರು ಗೇಟಿನಾಚೆಯ ಟೀ ಅಂಗಡಿಯಲ್ಲಿ ಕೂರುತ್ತಿದ್ದೆವು. ಜಪಾನ್ ಸಾರ್ ಗೂಡಂಗಡಿಗೆ ಬಂದದ್ದು ನೋಡಿ ಹುಡುಗರಿಗೆ ಮೊದಲು ತಮಾಷೆ, ಆಮೇಲೆ ರೂಢಿ. ಬಸವರಾಜ್ ಹಾಡಿನ ಅರ್ಥ ಕೇಳುತ್ತಿದ್ದರು. ನನಗೆ ತಿಳಿದಷ್ಟು ಹೇಳುತ್ತಿದ್ದೆ, ಫ್ರೆಂಚ್ ಹಾಡುಗಳ ಅರ್ಥವನ್ನು ಮೂವರೂ ಸೇರಿ ಊಹಿಸುತ್ತಿದ್ದೆವು. ಒಂದು ಜಪಾನಿ ಹಾಡಿನ ಪೂರ್ತಿ ಚರಣವನ್ನು ಬಸವರಾಜ್ ಬರೀ ಸದ್ದಿನಿಂದಲೇ ಬಾಯಿಪಾಠ ಮಾಡಿಕೊಂಡು ಬಂದರು. ಅದನ್ನು ಅವರು ಹೇಳಿದ ಸಂಜೆ ನನಗೆ ಚೆನ್ನಾಗಿ ನೆನಪಿದೆ. ನಿಶಿದಾ ಸಾನ್ ಬೆಂಚಿನ ಹಲಗೆಯನ್ನು ಬೆರಳಿನಿಂದ ಬಡಿಯುತ್ತಿದ್ದರು. ಬಸವರಾಜ್ ರಸ್ತೆಯ ಕಡೆ ಮುಖ ಮಾಡಿ ಶುರು ಮಾಡಿದರು. ಒಂದು ಕಡೆಯೂ ನಿಲ್ಲಲಿಲ್ಲ. ಮುಗಿಸಿದ ಮೇಲೆ ಅವರು ನಮ್ಮ ಕಡೆ ತಿರುಗಲು ಸ್ವಲ್ಪ ಹೊತ್ತು ಹಿಡಿಯಿತು. ಟೀ ಅಂಗಡಿಯಣ್ಣ ಹಾಲು ಉಕ್ಕುತ್ತಿದ್ದರೂ ನೋಡುತ್ತಾ ನಿಂತಿದ್ದ.

ಆಮೇಲೆ ಕನ್ನಡದಲ್ಲಿ ಕಟ್ಟಲು ತೊಡಗಿದರು. ಪ್ರೆಸ್ಸು ಬಡಿಯುವ ಲಯಕ್ಕೇ ಕೂರಿಸಿದ್ದರು. ಅದರ ಒಂದು ತುಂಡು ನನಗೆ ಈಗಲೂ ಬಾಯಿಗೆ ಬರುತ್ತದೆ:

ಕೀಲಿ ತಿರುವೂಕಿಂತ ಮೊದಲ ಕಣ್ಣು ತಿರುವೋ ತಮ್ಮಾ,
ಎಣ್ಣಿ ಎಷ್ಟೈತಿ ನೋಡು, ಗಾಳಿ ಎಷ್ಟೈತಿ ನೋಡು,
ನೀ ಕೈಯಿಡೋ ಜಾಗದಾಗ ಯಾರ ಕೈ ಐತಿ ನೋಡು,
ಹತ್ತ ಬೆರಳು ತಂದೀ ಮುಂಜಾನಿ, ಹತ್ತೂ ಮನಿಗೆ ಒಯ್ಯೋ.

ಆಯುಧಪೂಜೆಯ ದಿನ ಮೆಷಿನ್‌ಗಳಿಗೆಲ್ಲ ಬಾಳೆಕಂದು, ಚೆಂಡು ಹೂವು ಕಟ್ಟಿ, ಕುಂಬಳಕಾಯಿ ಒಡೆದ ಮೇಲೆ ಹುಡುಗರು ಮೈಕ್ ಹಿಡಿದು ಸಿನಿಮಾ ಹಾಡು ಹಾಡುತ್ತಿದ್ದರು. ಯಾರೋ ತಮಾಷೆಗೆ ಸೈಲೆಂಟ್ ಬಸು ಹೆಸರು ಕೂಗಿದರು. ಬಸವರಾಜ್ ಎದ್ದು ಮೈಕಿನತ್ತ ಹೋದರು. ಅವರ ಹಿಂದೆ ನಿಶಿದಾ ಸಾನ್ ಕೂಡ, ಹಣೆಯ ಮೇಲೆ ಕುಂಕುಮ ಇಟ್ಟುಕೊಂಡೇ. ಇವರು ಒಂದು ಚರಣ ಕನ್ನಡದಲ್ಲಿ, ಅವರು ಒಂದು ಚರಣ ಜಪಾನಿಯಲ್ಲಿ. ಅಂಗಳದಲ್ಲಿ ಕಡ್ಲೆಪುರಿಯ ಪೊಟ್ಟಣಗಳನ್ನೆಲ್ಲ ಕೆಳಗಿಟ್ಟು ಚಪ್ಪಾಳೆಯ ತಾಳ. ‘ಹತ್ತೂ ಮನಿಗೆ ಒಯ್ಯೋ’ ಎಂಬುದನ್ನು ಹುಡುಗರೆಲ್ಲ ಒಟ್ಟಿಗೆ ಹೇಳತೊಡಗಿದರು. ಸಕ್ಕತ್ ಗುರು ಎಂದು ಯಾರೋ ಬಸವರಾಜ್ ಬೆನ್ನು ತಟ್ಟಿದರು. ಅವರು ನಗುತ್ತಿದ್ದರು, ಆದರೆ ಮಾತಾಡಲಿಲ್ಲ.

ಹೊಸ ಲೈನಿಗೆ ಲೀಡರ್ ಆರಿಸುವ ಮಾತು ಬಂದದ್ದು ಅದರ ಮುಂದಿನ ತಿಂಗಳು. ಲೀಡರ್ ಆದವರಿಗೆ ಜಪಾನಿನಲ್ಲಿ ತರಬೇತಿಯೂ ಇತ್ತು. ನಿಶಿದಾ ಸಾನ್ ಬಸವರಾಜ್ ಹೆಸರು ಹೇಳಿದರು. ನಮ್ಮ ಪ್ರೊಡಕ್ಷನ್ ಮ್ಯಾನೇಜರ್ ಶ್ರೀಧರ್ ಸಾರ್ ಕೆಟ್ಟವರಲ್ಲ, ಬಸವರಾಜ್ ಕೆಲಸವನ್ನು ಮೆಚ್ಚಿದವರೇ. ಅವರು ನನ್ನ ಕಡೆ ತಿರುಗಿ ತಗ್ಗಿದ ದನಿಯಲ್ಲಿ, ಇದನ್ನ ಅವರಿಗೆ ಹೇಳ್ಬೇಡಿ ಶೈಲಾ ಎಂದು ಶುರು ಮಾಡಿದರು. ಹಾಡು ಬೇರೆ, ಮಾತು ಬೇರೆ. ದಿನಾ ಬೆಳಿಗ್ಗೆ ಎಲ್ಲರ ಮುಂದೆ ನಿಂತು ಮಾತಾಡ್ಬೇಕು, ಅವನು ತೊದಲಿದ್ರೆ ಹುಡುಗರು ನಗ್ತಾರೆ, ಕೊನೆಗೆ ಅವನಿಗೇ ಅವಮಾನ.

ಏನಂದರು ಎಂದು ನಿಶಿದಾ ಸಾನ್ ಕೇಳಿದರು. ನಾನು ಒಂದು ಕ್ಷಣ ಇಬ್ಬರ ಮುಖವನ್ನೂ ನೋಡಿದೆ. ದುಭಾಷಿಯ ಕುರ್ಚಿಯಲ್ಲಿ ಕೂತವಳು ಯಾರ ಮಾತನ್ನೂ ಬಚ್ಚಿಡಬಾರದು ಅನ್ನಿಸಿ, ಒಂದೂ ಬಿಡದೆ ಹೇಳಿದೆ. ನಿಶಿದಾ ಸಾನ್ ಕಣ್ಣು ಮುಚ್ಚಿಕೊಂಡರು. ಮಾತು ಹೊರಡಲು ಬಹಳ ಹೊತ್ತಾಯಿತು. ಹೊರಟಾಗ ನಾನು ಅದನ್ನು ಕನ್ನಡದಲ್ಲಿ ಮೆಲ್ಲಗೆ ಹೇಳಿದೆ.

“ನಾನೂ ಹಾಗೇ ಮಾತಾಡೋದು ಅಂತ ಹೇಳ್ತಿದ್ದಾರೆ ಸಾರ್. ನನ್ನ ಮಾತನ್ನ ಶೈಲಾ ನಿಮಗೆ ಸರಾಗ ಮಾಡಿ ಕೊಡ್ತಾರೆ, ಅದಕ್ಕೇ ನಿಮಗೆ ಗೊತ್ತಾಗಿಲ್ಲ ಅಂತಿದ್ದಾರೆ.”

ಶ್ರೀಧರ್ ಸಾರ್ ಕೈಯಲ್ಲಿದ್ದ ಪೆನ್ನು ಕೆಳಗಿಟ್ಟರು. ನಾಲ್ಕೈದು ತಿಂಗಳಿಂದ ದಿನವೂ ಪಕ್ಕದಲ್ಲಿ ಕೂತಿದ್ದವರು.

“ಜಪಾನಿ ಭಾಷೇನೇ ಹಾಗೆ ಅಂದ್ಕೊಂಡಿದ್ದೆ ಕಣ್ರೀ” ಎಂದರು.

ಅದನ್ನೂ ಹೇಳಿದೆ. ನಿಶಿದಾ ಸಾನ್ ಜೋರಾಗಿ ನಕ್ಕುಬಿಟ್ಟರು, ಶ್ರೀಧರ್ ಸಾರ್ ಮುಖ ಕೆಂಪಾಗಿ ತಾವೂ ನಕ್ಕರು. ಬಸವರಾಜ್ ಬೆಳಗಿನ ಸಭೆಯಲ್ಲಿ ಸ್ವಲ್ಪ ದಿನ ಮಾತಾಡಿ ನೋಡಲಿ, ಆಮೇಲೆ ತೀರ್ಮಾನ ಎಂದಾಯಿತು.

ಹುಡುಗರಿಗೆಲ್ಲ ಸುದ್ದಿ ಹಬ್ಬಿತು. ಬಸು ಮತ್ತೆ ರಾಪ್ ಮಾಡ್ತಾನೆ ಎಂದು ಎಲ್ಲರೂ ಕಾದಿದ್ದರು, ನಾನೂ ಹಾಗೇ ಅಂದುಕೊಂಡಿದ್ದೆ. ಆ ಚರಣಗಳಲ್ಲಿ ಹೇಳಬೇಕಾದ ಎಚ್ಚರಿಕೆಗಳೆಲ್ಲ ಇದ್ದೇ ಇದ್ದವು. ಸಭೆಯ ಹಿಂದಿನ ಸಂಜೆ ಟೀ ಅಂಗಡಿಯಲ್ಲಿ ಕೂತಾಗ, ಹಾಡಿಬಿಡಿ, ಚೆನ್ನಾಗಿರುತ್ತೆ ಎಂದೆ. ಬಸವರಾಜ್ ಬೇಡವೆಂದು ತಲೆಯಾಡಿಸಿದರು. ನಿಧಾನವಾಗಿ, ನಡುನಡುವೆ ನಿಂತು, ಆದರೆ ಪೂರ್ತಿ ಹೇಳಿದರು:

“ಹಾಡಿದ್ರ ಅವ್ರು ಹಾಡು ಕೇಳ್ತಾರ್ರಿ ಮೇಡಂ, ಮಾ... ಮಾತು ಕೇಳಂಗಿಲ್ಲ.”

ಇದನ್ನು ಜಪಾನಿಗೆ ತಂದಾಗ ನಿಶಿದಾ ಸಾನ್ ಎದ್ದು ನಿಂತು ಅವರಿಗೆ ಬಗ್ಗಿ ನಮಸ್ಕರಿಸಿದರು. ಆ ರಸ್ತೆಬದಿಯಲ್ಲಿ, ಲಾರಿಗಳು ಕೆಸರು ಹಾರಿಸಿಕೊಂಡು ಹೋಗುತ್ತಿದ್ದ ಹೊತ್ತಿನಲ್ಲಿ.

ಮಾರನೆಯ ಬೆಳಿಗ್ಗೆ ಮೋಡ ಕವಿದಿತ್ತು. ವ್ಯಾಯಾಮ ಮುಗಿದು ಬಸವರಾಜ್ ಮುಂದೆ ಬಂದರು. ಎಲ್ಲರಿಗೂ ನಮಸ್ಕಾರ ಎಂಬುದು ಹೇಗೋ ಹೊರಟಿತು. ‘ಗ್ಲೌಸ್’ ಎಂಬಲ್ಲಿ ನಿಂತುಬಿಟ್ಟರು. ಹಿಂದಿನ ಸಾಲಿನಲ್ಲಿ ಯಾರೋ ಕಿಸಕ್ಕೆಂದರು, ಒಬ್ಬ ತೊಡೆಯ ಮೇಲೆ ತಾಳ ಬಡಿದು ಹಾಡು ಶುರು ಮಾಡಿಸಲು ನೋಡಿದ. ಬಸವರಾಜ್ ಅವನ ಕಡೆ ಕೈಯೆತ್ತಿ, ಬೇಡ ಎಂದು ಸನ್ನೆ ಮಾಡಿದರು. ತಾಳ ನಿಂತಿತು. ಕತ್ತಿನ ನರ ಉಬ್ಬಿ, ಕಣ್ಣು ಮುಚ್ಚಿ, ಆ ಒಂದು ಪದವನ್ನು ಹೊರಗೆ ತಂದರು. ಮುಂದಿನದಕ್ಕೆ ಹೋದರು, ಅಲ್ಲೂ ನಿಂತರು, ಅದನ್ನೂ ತಂದರು. ಯಾವುದನ್ನೂ ಬಿಡಲಿಲ್ಲ, ಸುಲಭದ ಪದಕ್ಕೆ ಬದಲಾಯಿಸಲಿಲ್ಲ. ಹೇಳುವುದಷ್ಟನ್ನೂ ಹೇಳಿ ಸಾಲಿಗೆ ಬಂದು ನಿಂತರು. ಅವತ್ತು ಲೈನು ತಡವಾಗಿ ಶುರುವಾಯಿತು, ಶ್ರೀಧರ್ ಸಾರ್ ಗಡಿಯಾರ ನೋಡಲಿಲ್ಲ.

ಎರಡನೆಯ ದಿನ ನಗು ಕಡಿಮೆ. ವಾರ ಕಳೆಯುವಷ್ಟರಲ್ಲಿ ಇರಲಿಲ್ಲ. ಇನ್ನೂ ಕೆಲವು ವಾರಗಳಾದ ಮೇಲೆ ನಾನೊಂದು ವಿಷಯ ಗಮನಿಸಿದೆ. ಬೇರೆ ಲೀಡರ್‌ಗಳು ಗಡಗಡ ಹೇಳಿ ಮುಗಿಸುವಾಗ ಹುಡುಗರು ಶೂ ನೋಡಿಕೊಂಡು ನಿಂತಿರುತ್ತಿದ್ದರು. ಬಸವರಾಜ್ ಬಂದರೆ ತಲೆ ಎತ್ತುತ್ತಿದ್ದರು. ಮುಂದಿನ ಪದ ಏನೆಂದು ಕಾಯಬೇಕಾಗಿದ್ದರಿಂದ ಅದನ್ನು ಕೇಳಿಸಿಕೊಳ್ಳುತ್ತಿದ್ದರು. ಅವರನ್ನೇ ಲೀಡರ್ ಮಾಡಿದರು. ಮುಂದಿನ ವರ್ಷ ಜಪಾನಿಗೆ ಹೋಗಿ ಬಂದರು, ಬಹಳ ವರ್ಷ ಆ ಲೈನನ್ನು ನಡೆಸಿದರು. ಈಗ ಹಾವೇರಿಯಲ್ಲಿ ಸ್ವಂತ ವರ್ಕ್‌ಶಾಪು ಇಟ್ಟುಕೊಂಡಿದ್ದಾರೆ. ಫೋನ್ ಮಾಡಿದರೆ ನಿಧಾನವಾಗಿ ಮಾತಾಡುತ್ತಾರೆ, ನನಗೂ ಅವಸರವಿರುವುದಿಲ್ಲ. ಆಯುಧಪೂಜೆ ಬಂದರೆ ಈಗಲೂ ಹಾಡುತ್ತಾರಂತೆ.

ನಿಶಿದಾ ಸಾನ್ ವಾಪಸ್ ಹೊರಟದ್ದು ಮುಂದಿನ ಮೇ ತಿಂಗಳಲ್ಲಿ, ಮುಂಗಾರಿಗೆ ಮೊದಲಿನ ಗುಡುಗು ಶುರುವಾದ ಮೇಲೆ. ಕೊನೆಯ ದಿನ ಬೆಳಗಿನ ಸಭೆಯಲ್ಲಿ ಅವರು ಮಾತಾಡುತ್ತಾರೆಂದು ಗೊತ್ತಿತ್ತು. ನಾನು ಎಂದಿನಂತೆ ಅವರ ಪಕ್ಕ ಹೋಗಿ ನಿಂತೆ. ಅವರು ನನ್ನ ಕಡೆ ತಿರುಗಿ, ಇವತ್ತು ನೀವು ಸಾಲಿನಲ್ಲಿ ನಿಲ್ಲಿ ಎಂದು ಜಪಾನಿಯಲ್ಲಿ ಹೇಳಿದರು. ಹೋಗಿ ಬಸವರಾಜ್ ಪಕ್ಕ ನಿಂತೆ. ಇಬ್ಬರೂ ಸೇರಿ ನನಗೆ ತಿಳಿಯದ ಹಾಗೆ ಏನೋ ತಯಾರಿ ಮಾಡಿದ್ದಾರೆಂದು ಬಸವರಾಜ್ ಮುಖ ನೋಡಿಯೇ ಗೊತ್ತಾಯಿತು.

ನಿಶಿದಾ ಸಾನ್ ಅಂಗಳದ ಮಧ್ಯೆ ನಿಂತು ಕೈಮುಗಿದರು. ಕನ್ನಡದಲ್ಲಿ ಶುರು ಮಾಡಿದರು.

“ಎಲ್ಲರಿಗೂ ನಮಸ್ಕಾರ. ನನ್ನ ಹೆಸರು ನಿ...”

ಅಲ್ಲಿ ನಿಂತರು. ಕಣ್ಣು ಮುಚ್ಚಿದರು. ಇನ್ನೊಮ್ಮೆ ‘ನಿ’ ಎಂದರು, ಮತ್ತೆ ನಿಂತರು. ಗೇಟಿನಾಚೆ ಬಸ್ಸೊಂದು ಹಾರ್ನ್ ಹೊಡೆದು ಹೋಯಿತು. ಒಂದು ವರ್ಷದಿಂದ ಅವರ ಜೊತೆ ಕೆಲಸ ಮಾಡಿದ ಜನ, ಅಂಗಳದಲ್ಲಿದ್ದ ಎಲ್ಲರಿಗೂ ಆ ಹೆಸರು ಗೊತ್ತಿತ್ತು. ಯಾರೂ ನಗಲಿಲ್ಲ, ಯಾರೂ ಕೆಮ್ಮಲಿಲ್ಲ. ಅವರಿಗಿಂತ ಮೊದಲು ಆ ಹೆಸರನ್ನು ಒಬ್ಬರೂ ಹೇಳಲಿಲ್ಲ.